ನೀಲವ್ವನ ಹಗೇವಿಗೆ ನಾನೇ ಸಾಕ್ಷಿ

ನಾನು ಮಾಡಿದ ಒಂದೇ ಒಂದು ವಿದೇಶ ಪ್ರವಾಸವೆಂದರೆ ರೋಣಕ್ಕೆ ಹೋಗಿಬಂದದ್ದು. ಓದುಗರು ನಗಬಾರದು. ಅದು ಐವತ್ತನಾಲ್ಕನೆಯ ಇಸವಿಯೋ ಐವತ್ತೈದೋ, ಖಚಿತವಾಗಿ ಹೇಳಲಾರೆ. ಆಗ ರೋಣ ಮುಂಬಯಿ ರಾಜ್ಯದಲ್ಲಿತ್ತು, ನಾನು ಮೈಸೂರು ರಾಜ್ಯದಲ್ಲಿದ್ದೆ. ಹೊರಡುವಾಗ ನಮ್ಮ ತಾಯಿ, ಕಡಲು ದಾಟುವವನಿಗೆ ಕಟ್ಟುವಂತೆ, ಎರಡು ಸೇರು ಅಕ್ಕಿಯನ್ನೂ ಒಂದು ಜಾಡಿ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟರು. "ಪರರಾಜ್ಯ, ಅಲ್ಲಿ ಅನ್ನ ಮಾಡ್ತಾರೋ ಇಲ್ವೋ" ಎಂದರು. ಈಗ ಎರಡೂ ಕಡೆ ಒಂದೇ ರಾಜ್ಯವಾಗಿ, ನನ್ನ ವಿದೇಶ ಪ್ರವಾಸ ಕೂತಲ್ಲೇ ರದ್ದಾಗಿದೆ. ಉಳಿದದ್ದೂ ಮರೆಯುವ ಮೊದಲು ಬರೆದಿಡೋಣವೆಂದು ಕುಳಿತಿದ್ದೇನೆ.

ನಾನು ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿದವನು. ಯಾರು ಏನು ಹೇಳಿದರೂ "ಹೌದೇ?" ಎಂದು ಕೇಳುವುದನ್ನು ಅಲ್ಲಿ ನಾಲ್ಕು ವರ್ಷ ಕಲಿಸಿದರು. ಆಮೇಲೆ ಆ ಪ್ರಶ್ನೆಯನ್ನು ನನ್ನ ಮೇಲೇ ತಿರುಗಿಸಿಕೊಳ್ಳುವುದನ್ನು ನಾನಾಗಿ ಕಲಿತೆ. ಒಂದೂರಲ್ಲಿ ಒಂದು ವರ್ಷ ನಿಲ್ಲುವವನಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯ ಬಸವರಾಜ ರೋಣದಲ್ಲಿ ಮಾಸ್ತರನಾಗಿದ್ದ. "ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದೇನೆ. ಬೇಗ ಬಾ, ಒಬ್ಬ ಸಾಕ್ಷಿ ಬೇಕಾಗಿದೆ" ಎಂದು ಬರೆದ. ಯಾವುದಕ್ಕೆ ಸಾಕ್ಷಿ ಎಂದು ಬರೆದಿರಲಿಲ್ಲ. ಬರೆದಿದ್ದರೆ ನಾನು ಹೋಗುತ್ತಿರಲಿಲ್ಲ.

ಗದಗದಿಂದ ರೋಣ, ಭಾನುವಾರ

ಗದಗದಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಎರಡೂ ಕಡೆ ಕರೀ ನೆಲ, ಬೇಸಿಗೆಗೆ ಬಿರುಕು ಬಿಟ್ಟು, ಮರವಿಲ್ಲದೆ, ಆಕಾಶದ ಅಂಚಿನವರೆಗೂ ಬಿದ್ದುಕೊಂಡಿತ್ತು. ನಮ್ಮ ಕಡೆ ದೃಷ್ಟಿಗೆ ಅಡ್ಡವಾಗಿ ಒಂದು ತೆಂಗಾದರೂ ನಿಂತಿರುತ್ತದೆ. ಇಲ್ಲಿ ನೋಟವನ್ನು ತಡೆಯುವವರೇ ಇಲ್ಲ. ಅಬ್ಬಿಗೇರಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಹತ್ತು ಹನ್ನೆರಡು ಕೃಷ್ಣಮೃಗಗಳು ನಿಂತಿದ್ದವು. ನಾನು ಎದ್ದುನಿಂತು "ಅಗೋ! ಅಗೋ!" ಎಂದೆ. ಇಡೀ ಬಸ್ಸು ನನ್ನನ್ನೇ ನೋಡಿತು, ಮೃಗಗಳನ್ನು ಯಾರೂ ನೋಡಲಿಲ್ಲ.

"ಚಿಗರಿ ಅವು. ಕೂಡ್ರಿ, ಬಿದ್ದೀರಿ" ಎಂದ ಪಕ್ಕದವನು. "ನಿಮ್ಮೂರಾಗ ಇಲ್ಲೇನ್ರಿ?"

"ಇವೆ, ಪ್ರಾಣಿಗಳ ತೋಟದಲ್ಲಿ."

"ತ್ವಾಟದಾಗ? ಬೆಳಿ ತಿನ್ನಂಗಿಲ್ಲೇನ?" ಎಂದು ಅವನು ನಿಜವಾದ ಕಾಳಜಿಯಿಂದ ಕೇಳಿದ.

ಬಸವರಾಜನ ಮನೆ ಹಳೆಯ ಊರಿನಾಚೆ ಹೊಸದಾಗಿ ಎದ್ದ ಐದಾರು ಮನೆಗಳ ಸಾಲಿನಲ್ಲಿ ಕೊನೆಯದು. ಆ ಜಾಗ ಹಿಂದೆ ಅವರ ಮನೆತನದ ಕಣವಾಗಿತ್ತು. ಹಿಂದೆ ಬಣವೆ, ಅದರ ಹಿಂದೆ ಹೊಲ, ಹೊಲದ ಹಿಂದೆ ಮತ್ತೆ ಹೊಲ. ಅಂಗಳದ ಮೂಲೆಯಲ್ಲಿ ಮಣ್ಣು ಮುಚ್ಚಿದ ಒಂದು ದುಂಡು ಚಪ್ಪಡಿ ಇತ್ತು. ಅದೇ ಹಗೇವು. ನೆಲದೊಳಗೆ ದೊಡ್ಡ ಗಡಿಗೆಯಂತೆ ತೋಡಿ ಜೋಳ ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಹತ್ತು ಮನುಷ್ಯರು ಕೂರುವಷ್ಟು. ನಾವು ಅಕ್ಕಿಯನ್ನು ಅಟ್ಟದ ಮೇಲಿಟ್ಟು ಇಲಿಗಳೊಡನೆ ಹಂಚಿಕೊಂಡು ತಿನ್ನುತ್ತೇವೆ. ಇವರು ಜೋಳವನ್ನು ಹೂತಿಟ್ಟು ವರ್ಷಗಟ್ಟಲೆ ಮರೆತುಬಿಡುತ್ತಾರೆ.

ಬಸವರಾಜನ ಹೆಂಡತಿ ಶಾಂತವ್ವ ನರಗುಂದದವಳು. ಆರು ತಿಂಗಳ ಬಸುರಿ. ನಾನು ಕೈಕಾಲು ತೊಳೆದು ಬರುವುದರೊಳಗೆ ಮೊಕದ್ದಮೆಯನ್ನು ನನ್ನ ಮುಂದಿಟ್ಟಳು.

"ನೋಡ್ರಿ, ನಮ್ಮತ್ತಿ ಹಳೇ ಮನ್ಯಾಗ ಇರ್ತಾರ. ಊರ ಹೊರಗ ತ್ವಾಳ ಬರ್ತಾವ, ಕೂಸು ಹುಟ್ಟೂದ್ರಾಗ ಇದನ್ನ ಬಿಟ್ಟು ಹಳೇ ಮನಿಗೆ ಬರ್ರಿ ಅಂತಾರ. ತ್ವಾಳ ಇಲ್ಲ ಏನಿಲ್ಲ, ಬರೇ ನಾಯಿ ಅಂತೀನಿ ನಾನು. ಆ ಮನ್ಯಾಗ ನಾ ಎರಡು ವರ್ಷ ಬಾಳ್ವಿ ಮಾಡೇನ್ರಿ. ಸಾರಿಗೆ ಉಪ್ಪು ಹಾಕೂಮುಂದೂ ಹಿಂದ ನಿಂತಿರ್ತಾರ."

"ಇದರಲ್ಲಿ ನಾನೇನು ಮಾಡಲಿ?"

ಬಸವರಾಜ ತಲೆ ತಗ್ಗಿಸಿ ಹೇಳಿದ: "ಅವ್ವ ನನ್ನ ಮಾತು ನಂಬೂದಿಲ್ಲ, ನಾ ಹೆಂಡತಿ ಕಡಿಯಾಂವ ಅಂತಾಳ. ಇಕಿ ಅವ್ವನ ಮಾತು ನಂಬೂದಿಲ್ಲ. ಕಡೀಕ ಇಬ್ಬರೂ ಒಪ್ಪಿದ್ದು ಏನಂದ್ರ, ಒಬ್ಬ ಕಲ್ತಾಂವ, ಪರ ಊರಾಂವ, ಇಲ್ಲಿ ಒಂದು ವಾರ ಇದ್ದು ನೋಡಿದ್ದನ್ನ ಹೇಳಲಿ. ತ್ವಾಳ ಅಂದ್ರ ಮನಿ ಬಿಡೂದು. ನಾಯಿ ಅಂದ್ರ ಇಲ್ಲೇ ಇರೂದು."

ಮನುಷ್ಯನ ಇಂದ್ರಿಯಗಳು ಎಷ್ಟು ಮೋಸ ಮಾಡುತ್ತವೆಂದು ಪ್ರಬಂಧ ಬರೆದು ಪದವಿ ಪಡೆದವನನ್ನು ಇವರು ಹುಡುಕಿ ಕರೆಸಿದ್ದರು.

ರೋಣ, ಸೋಮವಾರ

ಬೆಳಗಾಗುತ್ತಿತ್ತು. ತಂಬಿಗೆ ಹಿಡಿದು ಹೊಲದ ಕಡೆ ಹೊರಟಿದ್ದೆ. ಬಣವೆಯ ಪಕ್ಕದಲ್ಲಿ ಒಂದು ಪ್ರಾಣಿ ನಿಂತಿತ್ತು. ಮಣ್ಣಿನ ಬಣ್ಣ, ಉದ್ದ ಕಾಲು. ಅದು ನನ್ನನ್ನು ನೋಡಿತು. ಒಬ್ಬ ಅಧಿಕಾರಿ ಅರ್ಜಿದಾರನನ್ನು ನೋಡುವಂತೆ ನೋಡಿ, ತಂಬಿಗೆಯನ್ನೂ ನೋಡಿ, ಅವಸರವಿಲ್ಲದೆ ಬಣವೆಯ ಆಚೆಗೆ ಹೋಯಿತು. ನಾನು ಹೋದ ಕೆಲಸವನ್ನು ಮರೆತು ಒಳಗೆ ಓಡಿಬಂದೆ. ನನ್ನ ನೆನಪನ್ನು ಬಲ್ಲವನಾದ್ದರಿಂದ, ಕಂಡದ್ದನ್ನೆಲ್ಲ ಕೂಡಲೇ ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ ತುಂಬ ಬರೆದಿಟ್ಟೆ.

ಸುದ್ದಿ ಹೇಗೆ ಹೋಯಿತೋ, ಎಂಟು ಗಂಟೆಗೆ ನೀಲವ್ವ ಬಂದರು. ಬಸವರಾಜನ ತಾಯಿ. ಗಿಡ್ಡ ಆಳು, ದೊಡ್ಡ ಕುಂಕುಮ ಇದ್ದ ಹಣೆ ಈಗ ಬರಿದು, ಅದರ ಕೆಳಗೆ ಸೂಜಿಯಂಥ ಕಣ್ಣು.

"ಏನ ನೋಡಿದಿ, ತಮ್ಮಾ?"

"ನಾಯಿಯಂಥದ್ದು, ಅಥವಾ ತೋಳದಂಥದ್ದು ಅಮ್ಮ."

"ಅಂಥದ್ದು ಅಂದ್ರ? ಮದುವಿಗೆ ಹೆಣ್ಣು ನೋಡಾಕ ಹೋದಾಂವ, ಹೆಣ್ಣಿನಂಥದ್ದು ನೋಡಿ ಬಂದೆ ಅಂತಾನೇನ?"

"ಯೋಚನೆ ಮಾಡಿ ಹೇಳ್ತೀನಮ್ಮ."

"ತ್ವಾಳ ನೋಡಾಕ ಕಣ್ಣು ಬೇಕು, ಯೋಚನಿ ಯಾಕ? ಇರಲಿ. ಶುಕ್ರವಾರ ಹಗೇವು ತಗೀತೀವಿ, ಮಂದಿ ಬರ್ತಾರ. ಅವರ ಮುಂದ ಹೇಳು."

ಆಮೇಲೆ ಸೊಸೆಗೆ ಕೇಳುವಂತೆ ನನಗೆ ಹೇಳಿದರು: "ಅಬ್ಬಿಗೇರ್ಯಾಗ ನಮ್ಮ ಬೀಗರ ಮನಿ ಹಗೇವಿನಾಗ ಒಂದು ನರಿ ಬಿದ್ದಿತ್ತು. ಅಡವಿ ಪ್ರಾಣಿ ಬಿದ್ದ ಜ್ವಾಳ ಮನುಷ್ಯಾರು ತಿನ್ನಂಗಿಲ್ಲ, ಅಷ್ಟೂ ದನಕ್ಕ ಸುರವಿದ್ರು. ಆ ವರ್ಷ ದನ ಅಷ್ಟ ದಪ್ಪ ಆದ್ವು, ಮಂದಿ ತೆಳ್ಳಗಾದ್ರು. ಊರ ಹೊರಗಿನ ಸುಖಾ ಹಿಂಗ."

ಹೋಗುವಾಗ ಚಪ್ಪಡಿಯ ಹತ್ತಿರ ಒಂದು ಗಳಿಗೆ ನಿಂತು, ಅಂಚಿನ ಮಣ್ಣನ್ನು ಕಾಲಿನಿಂದ ಸರಿಮಾಡಿದರು. ಆ ಹಗೇವನ್ನು ತುಂಬಿ ಮುಚ್ಚಿದ್ದು ಅವರ ಯಜಮಾನರು; ಮುಚ್ಚಿದ ಎರಡು ತಿಂಗಳಿಗೆ ತೀರಿಕೊಂಡರಂತೆ. ಹೋದ ವರ್ಷ ಅರ್ಧ ತೆಗೆದಿದ್ದರು. ಇದು ಉಳಿದರ್ಧ.

ಗಜೇಂದ್ರಗಡ, ಬುಧವಾರ

ನನ್ನ ತಲೆಬಿಸಿ ನೋಡಲಾರದೆ ಬಸವರಾಜ ತನ್ನ ಸೋದರಮಾವನ ಊರು ಗಜೇಂದ್ರಗಡಕ್ಕೆ ಕರೆದುಕೊಂಡು ಹೋದ. ಮಾವ ನೇಕಾರರು. ಗುಡ್ಡದ ಬುಡದಲ್ಲೇ ಮನೆ. ಮಣ್ಣಿನ ಮಾಳಿಗೆಯ ಅಂಚಿಗೆಲ್ಲ ಮುಳ್ಳುಕಂಟಿ ಜೋಡಿಸಿದ್ದರು, ಮಂಗಗಳು ಇಳಿಯದಂತೆ. ಮಂಗಗಳು ಆ ಮುಳ್ಳಿನ ನಡುವೆ ತಮಗೆ ಬೇಕಾದಷ್ಟು ಜಾಗ ಬಿಡಿಸಿಕೊಂಡು, ಸಾಲಾಗಿ ಕೂತು, ಕೆಳಗೆ ಮಗ್ಗ ನಡೆಯುವುದನ್ನು ಮೇಲ್ವಿಚಾರಕರಂತೆ ನೋಡುತ್ತಿದ್ದವು.

ಮಾವ ಲಾಳಿ ನಿಲ್ಲಿಸದೆ ನನ್ನ ಸಮಸ್ಯೆ ಕೇಳಿದರು.

"ಬಾಲ ಹ್ಯಾಂಗಿತ್ರಿ?"

"ಬಾಲವೇ?"

"ಹೂಂನ್ರಿ. ನಾಯಿ ಬಾಲ ಮ್ಯಾಲೆ ಡೊಂಕು ಮಾಡತೈತಿ. ತ್ವಾಳ ಎಂದೂ ಮಾಡೂದಿಲ್ಲ, ನೆಟ್ಟಗ ಕೆಳಗ ಬಿಟ್ಟಿರತೈತಿ. ಇಷ್ಟ ನೋಡ್ರಿ ಫರಕು. ಇದಕ್ಕ ಕಾಲೇಜು ಬ್ಯಾಡ."

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಪ್ರಾಣಿ ಬಂತು. ಬಾಲ ಡೊಂಕಾಗಿತ್ತು. ಇನ್ನೊಮ್ಮೆ ನೆನೆದೆ, ನೆಟ್ಟಗಿತ್ತು. ಮೂರನೆಯ ಸಲ ಪ್ರಾಣಿಗೆ ಬಾಲವೇ ಇರಲಿಲ್ಲ, ಕೈಯಲ್ಲಿ ತಂಬಿಗೆ ಇತ್ತು. ಆದರೆ ಚಿಂತೆಯಿಲ್ಲ, ಬರೆದಿಟ್ಟಿದ್ದೇನಲ್ಲ! ಟಿಪ್ಪಣಿ ಪುಸ್ತಕ ತೆಗೆದು ಪುಟ ಹುಡುಕುತ್ತಿದ್ದೆ. ಮೇಲಿನಿಂದ ಒಂದು ಕೈ ಇಳಿದು ಬಂದು ಪುಸ್ತಕವನ್ನು ತೆಗೆದುಕೊಂಡು ಹೋಯಿತು. ಕಸಿದುಕೊಂಡಿತು ಎನ್ನಲಾರೆ, ಕೇಳಿ ಪಡೆದಷ್ಟು ಸಮಾಧಾನವಾಗಿತ್ತು.

ಮಂಗ ಮಾಳಿಗೆಯ ಮೇಲೆ ಕೂತು ಪುಟ ತಿರುವಿತು. ಮೈಸೂರಿನಿಂದ ಗದಗದವರೆಗಿನ ನನ್ನ ಅನುಭವಗಳು ಅದಕ್ಕೆ ರುಚಿಸಲಿಲ್ಲ, ಹರಿದು ಎಸೆಯಿತು. ಸೋಮವಾರದ ಪುಟವನ್ನು ಮಾತ್ರ ಮಡಿಸಿ ತಿಂದಿತು. ಮಾವ ಒಂದು ಬಾಳೆಹಣ್ಣು ಕೊಟ್ಟು ರಟ್ಟನ್ನು ಬಿಡಿಸಿಕೊಟ್ಟರು.

"ಏನ ಬರ್ದಿದ್ರಿ ಅದರಾಗ?"

"ಬಾಲದ ವಿಷಯ."

"ಹಂಗಾರ ಬಾಲ ಇದ್ದಾಂವನ ಓದಿದ ಬಿಡ್ರಿ" ಎಂದು ಮಾವ ಮತ್ತೆ ಲಾಳಿ ಎಸೆದರು.

ರೋಣ, ಗುರುವಾರ

ಸಂಜೆ ಹಗೇವಿನ ಚಪ್ಪಡಿ ಸರಿಸಿದರು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಕೂಡಲೇ ಇಳಿದವರು ಹಿಂದಿರುಗುವುದಿಲ್ಲ. ಅದಕ್ಕೇ ಹಿಂದಿನ ದಿನವೇ ಬಾಯಿ ತೆರೆದು ಉಸಿರಾಡಲು ಬಿಡುವುದು ಇಲ್ಲಿಯ ಪದ್ಧತಿ. ಪಕ್ಕದ ಮನೆಯ ಹುಸೇನಸಾಬ, ಹತ್ತಿ ಹಿಂಜಿ ಗಾದಿ ಮಾಡುವ ಮನುಷ್ಯ, ಚಪ್ಪಡಿ ಸರಿಸಲು ಬಂದಿದ್ದ. ಜೊತೆಗೆ ಅವನ ನಾಯಿ ಮೋತಿ. ತೆರೆದ ಬಾಯಿಗೆ ದೊಡ್ಡ ಜಾಲಿಕಂಟಿ ಅಡ್ಡ ಇಟ್ಟು ಎಲ್ಲರೂ ಒಳಗೆ ಹೋದರು.

ಕೆಟ್ಟ ಗಾಳಿಯ ವಿಷಯವನ್ನು ನಾನು ಪೂರ್ತಿ ನಂಬಿರಲಿಲ್ಲ. ಉಣ್ಣಲು ಕರೆಯುವ ಮೊದಲು ಹೋಗಿ, ಕಂಟಿಯನ್ನು ಪಕ್ಕಕ್ಕೆ ಎಳೆದು, ಬಗ್ಗಿ ಮೂಸಿ ನೋಡಿದೆ. ಹಳೆಯ ಜೋಳದ ಬೆಚ್ಚನೆಯ ವಾಸನೆ ಬಂತು. ಆಮೇಲೆ ಕಂಟಿಯನ್ನು ಎರಡೂ ಕೈಯಿಂದ ಹಿಡಿದು ಮೊದಲಿದ್ದಲ್ಲೇ ಇಟ್ಟೆ. ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ರೋಣ, ಶುಕ್ರವಾರ

ಬೆಳಿಗ್ಗೆ ಕಂಟಿ ಗೋಡೆಯ ಹತ್ತಿರ ಬಿದ್ದಿತ್ತು.

ಅದಕ್ಕೆ ಅರ್ಥ ಹುಡುಕಿದವನು ನಾನೊಬ್ಬನೇ. ಉಳಿದವರೆಲ್ಲ, ಯಾರೋ ಪೂಜೆಗೆಂದು ಸರಿಸಿದ್ದಾರೆ ಎಂದುಕೊಂಡರು. ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಹಿರಿಯ ಹೆಣ್ಣುಮಗಳು ಮೊದಲ ಬುಟ್ಟಿಯನ್ನು ತೆಗೆಸಬೇಕು, ಬಂದವರ ಸೆರಗಿಗೆ ಹಿಡಿಹಿಡಿ ಹಾಕಬೇಕು. ನೀಲವ್ವ ತೊಳೆದ ಸೀರೆ ಉಟ್ಟು, ಕಾಯಿ ಒಡೆದು, ನನ್ನ ಕಡೆ ತಿರುಗಿದರು.

"ಜ್ವಾಳಾ ತಗದ ಮ್ಯಾಲೆ ನಿನ್ನ ಸಾಕ್ಷಿ, ತಮ್ಮಾ."

ಶಾಂತವ್ವ ಬಾಗಿಲಲ್ಲಿ ನಿಂತು, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದಿದ್ದಳು, ಯಾರೋ ಈಗಲೇ ಮನೆಯನ್ನು ಕಿತ್ತುಕೊಂಡು ಹೋಗುವರೆಂಬಂತೆ.

ಹುಸೇನಸಾಬ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ದೀಪ ಆರಿದರೆ ಗಾಳಿ ಕೆಟ್ಟದ್ದು, ಆರದಿದ್ದರೆ ಇಳಿಯಬಹುದು. ದೀಪ ಆರಲಿಲ್ಲ. ಆದರೆ ಕೆಳಗೆ ಇನ್ನೂ ಎರಡು ದೀಪ ಹತ್ತಿದವು.

"ಯಾ ಅಲ್ಲಾ!" ಎಂದು ಅವನು ಕಂದೀಲು ಮೇಲೆಳೆದುಕೊಂಡ.

ನನ್ನ ಕ್ಷೌರದ ಕನ್ನಡಿ ತಂದೆ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಗುಂಡಿಯೊಳಗೆ ಬಿಟ್ಟೆವು. ಬಿಳಿ ಜೋಳದ ರಾಶಿಯ ಮೇಲೆ, ಗೋಡೆಗೆ ಒತ್ತಿಕೊಂಡು, ಅದು ಕೂತಿತ್ತು. ಹಳದಿ ಕಣ್ಣು, ಮಣ್ಣಿನ ಬಣ್ಣ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಾಲದ ಮೇಲೆಯೇ ಕೂತಿತ್ತು. ಆದರೂ ನನಗೆ ಬಾಲ ಬೇಕಾಗಲಿಲ್ಲ. ಸೋಮವಾರ ನನ್ನ ತಂಬಿಗೆಯನ್ನು ನೋಡಿದ ಅದೇ ಅಧಿಕಾರಿ! ಹುಟ್ಟಿದಾಗಿನಿಂದ ನನಗೆ ಯಾವುದರಲ್ಲೂ ಇಷ್ಟು ಖಾತ್ರಿ ಇರಲಿಲ್ಲ. ತೋಳ. ನೂರಕ್ಕೆ ನೂರು ತೋಳ.

ಬಾಯಿ ತೆರೆದೆ. ಶಾಂತವ್ವನ ಮುಖ ಕಂಡಿತು. ಆದರೂ ಸತ್ಯ ಸತ್ಯವೇ ಅಲ್ಲವೇ? "ಇದು ತೋ..." ಎನ್ನುವಷ್ಟರಲ್ಲಿ ನೀಲವ್ವ ಬಗ್ಗಿ ಒಳಗೆ ನೋಡಿದರು.

ಅವರು ಬಹಳ ಹೊತ್ತು ನೋಡಿದರು. ನೋಡಿದ್ದು ಪ್ರಾಣಿಯನ್ನಲ್ಲ, ಅದರ ಕೆಳಗಿನ ಜೋಳವನ್ನು ಎಂದು ನನಗೆ ಅನ್ನಿಸಿತು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ನಾಯಿ."

ಆಮೇಲೆ ಹುಸೇನಸಾಬನ ಕಡೆ ತಿರುಗಿದರು.

"ನಾಯಿ ಬಿದ್ದೈತಿ. ಹುಸೇನಸಾಬಾ, ನಿನ್ನ ಮೋತಿ ನೋಡೋ ಇದು!"

ಮೋತಿ ಹುಸೇನಸಾಬನ ಎರಡು ಕಾಲುಗಳ ನಡುವೆ ನಿಂತು ಗಡಗಡ ನಡುಗುತ್ತಿತ್ತು. ಹುಸೇನಸಾಬ ಕೆಳಗೆ ಮೋತಿಯನ್ನು ನೋಡಿದ, ಗುಂಡಿಯನ್ನು ನೋಡಿದ, ನೀಲವ್ವನ ಮುಖ ನೋಡಿದ.

"ಹೌದ್ರಿ ಅವ್ವಾರ" ಎಂದ. "ಮೋತಿನ ಹಾಂಗ ಐತಿ. ಅದರ ಹಿರೇ ಅಣ್ಣ ಇರಬೇಕ್ರಿ."

"ಅಮ್ಮಾ, ಇದು ತೋಳ!" ಎಂದೆ ನಾನು. "ನನಗೆ ಖಾತ್ರಿ ಇದೆ."

"ಸೋಮವಾರ ಕೇಳಿದಾಗ ಯೋಚನಿ ಮಾಡ್ತೀನಿ ಅಂದಿ. ಇನ್ನೊಂದು ವಾರ ಮಾಡು" ಎಂದರು ನೀಲವ್ವ. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ನಮ್ಮ ಯಜಮಾನ್ರು ಕೈಯಾರೆ ತುಂಬಿದ ಜ್ವಾಳ ಅದು. ದನಕ್ಕ ಸುರವಂಗಿಲ್ಲ. ತಿಳೀತಿಲ್ಲೋ?" ಎಂದರು. ಅವರ ಕಣ್ಣು ನನ್ನ ಅಂಗಿಯ ತೋಳಿನ ಮೇಲೆ ನಿಂತಿತು. ನಾನೂ ನೋಡಿಕೊಂಡೆ. ಅಲ್ಲಿ ಒಂದು ಜಾಲಿಮುಳ್ಳು ಮುರಿದು ಸಿಕ್ಕಿಕೊಂಡಿತ್ತು. ಕಂಟಿ ತೆಗೆದದ್ದಕ್ಕೆ ಅದು ಸಾಕ್ಷಿ. ತಿರುಗಿ ಇಟ್ಟದ್ದಕ್ಕೂ ಅದೇ ಸಾಕ್ಷಿಯಾಗಬಹುದಿತ್ತು, ಆದರೆ ಆ ವಾದವನ್ನು ಹೂಡುವ ಧೈರ್ಯ ಬರಲಿಲ್ಲ.

"ತಿಳೀತಮ್ಮ" ಎಂದೆ. "ನಾಯಿ."

"ಜೋರಾಗಿ ಹೇಳು, ಸಾಕ್ಷಿ ಹೇಳಾಂವ."

"ನಾಯಿ!"

ನಾಯಿಯನ್ನು ಮೇಲೆ ತರುವುದು ಹೇಗೆ? ಅದಕ್ಕೂ ಹುಸೇನಸಾಬನೇ ದಾರಿ ತೋರಿಸಿದ. ಬಣವೆಯಿಂದ ಜೋಳದ ದಂಟಿನ ಸಿವುಡುಗಳನ್ನು ತಂದು ಒಂದೊಂದಾಗಿ ಗುಂಡಿಯ ಒಂದು ಬದಿಗೆ ಇಳಿಸಿದರು. ಮೆಟ್ಟಿಲಿನಂತೆ ರಾಶಿ ಮೇಲೇರಿತು. ನಾಯಿಯೇ ಆದ್ದರಿಂದ ಹೆದರುವ ಕಾರಣವಿಲ್ಲವೆಂದು ಎಲ್ಲರೂ ಹೇಳಿದರು. ಹೇಳಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಗಳದ ಕಡೆಗಿದ್ದದ್ದು ಒಂದೇ ಕಿಟಕಿ, ಅದರಲ್ಲಿ ಹನ್ನೆರಡು ಮುಖ.

ಮೊದಲು ಕಿವಿಗಳು ಕಂಡವು. ಆಮೇಲೆ ಅದು ಒಂದೇ ನೆಗೆತಕ್ಕೆ ಹೊರಬಂದು, ಮೈ ಕೊಡವಿತು. ನಾಲ್ಕು ಕಾಳು ಜೋಳ ಅಂಗಳದಲ್ಲಿ ಚೆಲ್ಲಿದವು. ಹೊಲದ ಕಡೆ ಓಡಿತು, ತಿರುಗಿ ನೋಡಲಿಲ್ಲ. ಬಾಲ ನೆಟ್ಟಗೆ ಕೆಳಗಿತ್ತು. ಸಾಲಿನ ಯಾವ ಮನೆಯ ನಾಯಿಯೂ ಬೊಗಳಲಿಲ್ಲ.

"ಭಾಳ ಚಲೋ ನಾಯಿ" ಎಂದರು ನೀಲವ್ವ.

ಶಾಂತವ್ವ ನನ್ನ ಪಕ್ಕದಲ್ಲಿ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ನಗುತ್ತಿದ್ದಳೋ ಅಳುತ್ತಿದ್ದಳೋ. ಅವಳ ಮನೆ ಉಳಿದಿತ್ತು, ಅತ್ತೆಯ ಬಾಯಿಂದಲೇ, ಊರ ಮುಂದೆ.

ಜೋಳ ತೆಗೆದು, ಹಂಚಿ, ಊಟವಾಯಿತು. ನೀಲವ್ವ ಎರಡು ರೊಟ್ಟಿ ಉಂಡರು. ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದರು. ಕೈ ತೊಳೆದು ಬಂದು ಮಗನನ್ನು ಕರೆದರು.

"ಬಸೂ, ನನ್ನ ಹಾಸಿಗಿ, ಪೆಟಗಿ ಎರಡೂ ಚಕ್ಕಡ್ಯಾಗ ಹಾಕ್ಕೊಂಡು ಬಾ."

"ಎಲ್ಲಿಗೆ ಅವ್ವಾ?"

"ಇಲ್ಲಿಗೆ. ನಾಯಿ ಭಾಳ ಆಗ್ಯಾವ ಈ ಕಡೆ. ನಾಳೆ ಕೂಸು ಅಂಗಳದಾಗ ಮಲಗಿದ್ರ ಕಾಯಾವ್ರು ಯಾರು? ನೀ ಸಾಲಿಗೆ ಹೋಗ್ತಿ, ಇಕಿ ಒಲಿ ಮುಂದ ಇರ್ತಾಳ. ನಾನ ಇರ್ತೀನಿ."

ಶಾಂತವ್ವನ ನಗು ನಿಂತಿತು. ಒಳಗೆ ಸಾರಿನ ಗಡಿಗೆ ಕೆಳಗಿಟ್ಟ ಸದ್ದಾಯಿತು, ಸ್ವಲ್ಪ ಜೋರಾಗಿ.

ನರಗುಂದ, ಶನಿವಾರ

ಹುಬ್ಬಳ್ಳಿ ಕಡೆಗೆ ಹೋಗುವ ಬಸ್ಸು ನರಗುಂದದಲ್ಲಿ ಗುಡ್ಡದ ನೆರಳಿನಲ್ಲಿ ನಿಂತಿತು. ಶಾಂತವ್ವ ತವರಿಗೆಂದು ಒಂದು ಚೀಲ ಹಗೇವಿನ ಜೋಳ ಕೊಟ್ಟು ಕಳಿಸಿದ್ದಳು. ಒಯ್ಯಲು ಅವಳ ತಂದೆ ಬಂದಿದ್ದರು. ತೆಳ್ಳನೆಯ ಮನುಷ್ಯ, ಮಗಳ ಕಣ್ಣುಗಳೇ. ಚೀಲ ಹೆಗಲಿಗೇರಿಸುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು. ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲಿ ಬಂದಿತ್ತು.

"ಖರೇ ಹೇಳ್ರಿ. ನೀವು ಕಲ್ತವ್ರು, ಕಣ್ಣಾರೆ ನೋಡೀರಿ. ತ್ವಾಳನೋ, ನಾಯಿನೋ? ಬಾಣಂತನಕ್ಕ ಮಗಳು ಇಲ್ಲಿಗೆ ಬರ್ತಾಳ. ತ್ವಾಳ ಬರೂ ಮನಿಗೆ ಕೂಸಿನ ಕೂಡ ಮತ್ತ ಕಳಸಂಗಿಲ್ಲ ನಾನು."

ಇದೋ, ಕೊನೆಗೂ ನನ್ನ ಸಾಕ್ಷಿಯನ್ನು ಬೇಡುವ ಮನುಷ್ಯ! ನನಗೆ ಖಾತ್ರಿಯೂ ಇತ್ತು. ಆದರೆ ಅವರ ಕೈಯಲ್ಲಿ ಆ ಜೋಳದ ಚೀಲವಿತ್ತು, ನನ್ನ ಕೈಯಲ್ಲಿ ಅದೇ ಜೋಳದ ರೊಟ್ಟಿಯ ಗಂಟಿತ್ತು. ಕಟ್ಟಿಕೊಟ್ಟವರು ನೀಲವ್ವ. ಆ ಬಾಗಿಲ ಚೌಕಟ್ಟನ್ನು ಹಿಡಿದ ಎರಡು ಕೈಗಳೂ ಕಣ್ಣ ಮುಂದೆ ಬಂದವು.

"ನಾಯಿ" ಎಂದೆ. ಹೇಳಿದ್ದು ಸಾಲದೆಂದು, "ಮೋತಿಯ ಅಣ್ಣ" ಎಂದೂ ಸೇರಿಸಿದೆ.

ಅವರು ನನ್ನ ಮುಖ ನೋಡಿದರು. ನಂಬಲಿಲ್ಲವೆಂದು ಕಂಡಿತು.

"ಬೀಗತಿ ಅಲ್ಲೇ ಬಂದು ಇರ್ತಾರಂತ, ಅದು ಖರೇನ್ರಿ?"

"ಅದು ನಿಜ. ನಿನ್ನೆ ಸಂಜೆಯೇ ಹಾಸಿಗೆ ಬಂತು. ಬಾಗಿಲಿಗೆ ಅಡ್ಡ ಹಾಕಿಕೊಂಡಿದ್ದಾರೆ."

ಅವರ ಹಣೆಯ ಗೆರೆಗಳೆಲ್ಲ ಸಡಿಲವಾದವು. ಚೀಲವನ್ನು ಹೆಗಲಿಗೆ ಎತ್ತಿಕೊಂಡರು.

"ಹಂಗಾರ ತ್ವಾಳ ಇದ್ರೂ ಚಿಂತಿಲ್ಲ ಬಿಡ್ರಿ" ಎಂದರು.

ಬಸ್ಸು ಹೊರಟಿತು. ರೊಟ್ಟಿ ಮುರಿದು ಬಾಯಿಗಿಟ್ಟೆ. ಕರೀ ಹೊಲಗಳ ಮೇಲೆ ಬಿಸಿಲು ಏರುತ್ತಿತ್ತು. ಅಲ್ಲೆಲ್ಲೋ ತಿರುಗುತ್ತಿದ್ದ ಆ ತೋಳದ ಬಗ್ಗೆ ಮೊದಲ ಸಲ ನನಗೆ ಕನಿಕರವೆನ್ನಿಸಿತು.